ಕಾಯಿ ಹಾಕದ ಕೋಳಿ ಸಾರು: ನನ್ನ ಅನುಭವ

ಕಾಯಿ ಇಲ್ಲದೆ ಕೋಳಿ ಸಾರು ಮಾಡ್ತೀನಿ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಅತ್ತೆಯಂತೂ ‘ಅದು ಸಾರಲ್ಲಪ್ಪ, ಕೋಳಿ ತೊಳೆದ ನೀರು’ ಅಂದರು. ಅವರು ಅರಸೀಕೆರೆ ಕಡೆಯವರು, ತೆಂಗಿನ ಸೀಮೆ. ಹಾಸನಕ್ಕೆ ಬಂದಾಗಲೆಲ್ಲ ಚೀಲದ ತುಂಬ ಕಾಯಿ ತರುತ್ತಿದ್ದರು. 2025ರಲ್ಲಿ ರೇಟು ಏರಿತಲ್ವಾ, ಆಗ ಇದ್ದಬದ್ದ ಕಾಯನ್ನೆಲ್ಲ ಮಾರಿಬಿಟ್ಟರು. ನಾವು ಅಂಗಡಿಯಲ್ಲಿ ಕೆಜಿಗೆ 70 ರೂಪಾಯಿ ಹತ್ತಿರ ಕೊಟ್ಟು ತರಬೇಕಾಯ್ತು. ನನಗೆ ಹಟ ಬಂದದ್ದು ಆಗಲೇ.

ಹಾಗೆ ನೋಡಿದರೆ ಒಂದು ಸಾರಿಗೆ ಉಳಿಯುವುದು 30-40 ರೂಪಾಯಿ. ಅದಕ್ಕೋಸ್ಕರ ಐದಾರು ಭಾನುವಾರ ಕೆಜಿ ಕೆಜಿ ಕೋಳಿ ಕೆಡಿಸಿದ್ದೇನೆ, ಕೆಜಿಗೆ 200ರ ಮೇಲೆ. ಒಟ್ಟು ಎಷ್ಟಾಯ್ತು ಅನ್ನೋ ಲೆಕ್ಕ ಹೆಂಡತಿ ಹತ್ತಿರ ಇದೆ, ನಾನು ಕೇಳಿಲ್ಲ.

ಮೊದಲು ಹುರಿಗಡಲೆ. ಕಾಯಿ ಇಲ್ಲವಲ್ಲ ಅಂತ ಒಂದು ಹಿಡಿ ಜಾಸ್ತಿನೇ ಹಾಕಿದೆ, ಇಡ್ಲಿ ಚಟ್ನಿಯಲ್ಲಿ ಕೋಳಿ ಮುಳುಗಿಸಿದ ಹಾಗಾಯ್ತು. ಆಮೇಲೆ ಗೋಡಂಬಿ. ಕಾಯಿಗಿಂತ ಜಾಸ್ತಿ ಖರ್ಚು, ಮೇಲಾಗಿ ಸಿಹಿ, ಮುದ್ದೆಗೆ ಹೊಂದಲೇ ಇಲ್ಲ. ಹಾಸನದಲ್ಲಿದ್ದು ಆಲೂಗಡ್ಡೆ ಬಿಡೋಕಾಗುತ್ತಾ? ಎರಡು ಬೇಯಿಸಿ ಕಿವುಚಿ ಹಾಕಿದೆ. ಮಧ್ಯಾಹ್ನ ಪರವಾಗಿಲ್ಲ ಅನ್ನಿಸಿತು, ರಾತ್ರಿ ಬಿಸಿ ಮಾಡಿದರೆ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು, ಉಪ್ಪನ್ನೂ ಅದೇ ನುಂಗಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಹಸಿ ಈರುಳ್ಳಿ ರುಬ್ಬಿ ಹಾಕಿದ್ದು. ಎಷ್ಟು ಕುದಿಸಿದರೂ ಕಹಿ ಹೋಗಲಿಲ್ಲ. ಅವತ್ತು ಮಕ್ಕಳು ಮೊಸರನ್ನ ತಿಂದರು.

ಕೊನೆಗೆ ಕೈ ಹಿಡಿದದ್ದೂ ಅದೇ ಈರುಳ್ಳಿ. ಒಂದು ಕೆಜಿ ಕೋಳಿಗೆ ಅರ್ಧ ಕೆಜಿಗೆ ಸ್ವಲ್ಪ ಕಮ್ಮಿ. ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ, ಎಣ್ಣೆ ಹಾಕಿದ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಬಿಡಬೇಕು. ಹತ್ತು ನಿಮಿಷಕ್ಕೆ ಬಾಡುತ್ತೆ, ಎಲ್ಲರೂ ಅಲ್ಲಿಗೇ ನಿಲ್ಲಿಸ್ತಾರೆ. ನಾನು ಇನ್ನೂ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಟ್ಟೆ. ಮೊದಲು ನೀರು ಬಿಟ್ಟು ಬುಸುಬುಸು ಅನ್ನುತ್ತೆ, ಆಮೇಲೆ ಸದ್ದು ಬದಲಾಗಿ ಚಟಚಟ ಅನ್ನುತ್ತೆ, ಎಣ್ಣೆ ಅಂಚಿಗೆ ಬರುತ್ತೆ, ಬಣ್ಣ ಹಳೇ ಬೆಲ್ಲದ ಹಾಗೆ ತಿರುಗುತ್ತೆ. ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ಟೊಮೆಟೊ ಈಗಲೇ ಬೇಡ, ಹುಳಿ ಬಿದ್ದರೆ ಈರುಳ್ಳಿ ಬೇಗ ಕರಗೋದಿಲ್ಲ. ಮುಕ್ಕಾಲು ಭಾಗ ತೆಗೆದು ಹುರಿದ ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿದೆ. ಕೆಂಪಗೆ ಹುರಿದ ಒಂದು ಚಮಚ ಅಕ್ಕಿಯೂ ಬೀಳಬೇಕು, ಸಾರು ಹಿಡಿದುಕೊಳ್ಳೋದು ಅದರಿಂದ. ಇನ್ನೊಂದು ಕಾಳು ಹಾಕ್ತೀನಿ. ಅದು ಯಾವುದು ಅಂತ ಹೆಂಡತಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಪಾತ್ರೆಯಲ್ಲಿ ಉಳಿದ ಈರುಳ್ಳಿಗೆ ಕೋಳಿ, ಅರಿಶಿನ, ಉಪ್ಪು. ನೀರು ಹಾಕಬೇಡಿ, ಕೋಳಿಯೇ ಬಿಡುತ್ತೆ. ಅದು ಅರ್ಧ ಇಂಗಿದ ಮೇಲೆ ಮಸಾಲೆ, ಟೊಮೆಟೊ, ಬಿಸಿನೀರು. ಫಾರಂ ಕೋಳಿ ಆದರೆ ಆಮೇಲೆ 20 ನಿಮಿಷ ಸಾಕು. ಇಳಿಸುವಾಗ ಕಾಳುಮೆಣಸು ಜಜ್ಜಿ ಹಾಕಿ. ನನಗೆ ಸಕಲೇಶಪುರದ ಗೆಳೆಯನ ತೋಟದ್ದು ಬರುತ್ತೆ, ಆ ಘಾಟು ಪ್ಯಾಕೆಟ್ ಪುಡಿಯಲ್ಲಿ ಇಲ್ಲ ಬಿಡಿ.

ನಾಟಿ ಕೋಳಿಗೂ ಹೀಗೇ ಮಾಡೋಕೆ ಹೋಗಿ ಒಂದು ಸಲ ಕೆಟ್ಟೆ. ಅದು ಬೇಯೋಕೆ ಒಂದೂವರೆ ಗಂಟೆ ಬೇಕು, ಅಷ್ಟು ಹೊತ್ತಿಗೆ ಮಸಾಲೆ ತಳ ಹಿಡಿದು ಸೀದೇ ಹೋಗಿತ್ತು. ಐನೂರು ರೂಪಾಯಿ ಹತ್ತಿರ ಹೋಯ್ತು. ಅದಕ್ಕೆ ಕೋಳಿ ಮುಕ್ಕಾಲು ಬೆಂದ ಮೇಲೇ ಮಸಾಲೆ.

ಅತ್ತೆಗೆ ಏನೂ ಹೇಳದೆ ಬಡಿಸಿದೆ. ಮುದ್ದೆ ಮುರಿದು ಅದ್ದಿದರು, ಸಾರು ಜಾರದೆ ಮುದ್ದೆಗೇ ಹಿಡಿಯಿತು. ಎರಡನೇ ಸಲ ಹಾಕಿಸಿಕೊಂಡ ಮೇಲೆ ‘ಕಾಯಿ ಎಲ್ಲಿ ತಂದ್ರಿ?’ ಅಂದರು. ಹಾಕೇ ಇಲ್ಲ ಅಂದೆ. ಅವತ್ತು ಒಪ್ಪಲಿಲ್ಲ. ಮುಂದಿನ ಸಲ ಬಂದಾಗ ಚೀಲದಲ್ಲಿ ನಾಲ್ಕೇ ಕಾಯಿ ಇತ್ತು. ‘ಚಟ್ನಿಗೆ ಇಟ್ಕೊಳ್ಳಿ, ಸಾರಿಗೆ ಹೆಂಗೂ ಬೇಡವಲ್ಲ’ ಅಂದರು.