ಜೇನಿನ ಶತ್ರುವನ್ನು ಡಬ್ಬಿಯಲ್ಲಿ ಸಾಕುವ ಬಗೆ

ಜೇನು ಸಾಕುವವರ ಎದುರು ಮೇಣದ ಹುಳುವಿನ ಹೆಸರೆತ್ತಿದರೆ ಮುಖ ಗಂಟು ಹಾಕುತ್ತಾರೆ. ಹಾಕಲೇಬೇಕು ಬಿಡಿ. ಬೂದು ಬಣ್ಣದ ಪತಂಗ ರಾತ್ರಿ ಹೊತ್ತು ಪೆಟ್ಟಿಗೆ ಹೊಕ್ಕು ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳುಗಳು ಎರಿಯನ್ನು, ಅಂದರೆ ಜೇನು ಕಟ್ಟಿದ ಮೇಣದ ತಟ್ಟೆಯನ್ನು, ಕೊರೆದು ಒಳಗೆಲ್ಲ ಬಲೆ ಕಟ್ಟುತ್ತವೆ. ನಮ್ಮ ತುಡುವೆ ಜೇನಿಗಂತೂ ಹುಳು ಜಾಸ್ತಿಯಾದರೆ ತಡೆಯುವುದಿಲ್ಲ, ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಅಂಥ ಹುಳುವನ್ನು ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ನಾನು ಬೇಕೆಂದೇ ಸಾಕುತ್ತೇನೆ. ಅದೂ ಅಂಗಳದಾಚೆ ಜೇನುಪೆಟ್ಟಿಗೆ ಇಟ್ಟುಕೊಂಡು. ಮಗಳು ಬೆಂಗಳೂರಿನಿಂದ ತಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಪ್ರಾಣಿ ಇದಕ್ಕೆಲ್ಲ ಕಾರಣ, ಹುಳು ಅದರ ತಿಂಡಿಗೆ. ಅತ್ತೆಯ ಬಾಯಲ್ಲಿ ಅದು ಇವತ್ತಿಗೂ ‘ಆ ಓತಿಕ್ಯಾತ’.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೋಟದಲ್ಲಿ ಕಾಣುವ ಉಡ, ಗೋಸುಂಬೆ ಹಿಡಿದು ತಂದು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಣ ನಾಡಿನ ಪ್ರಾಣಿ. ತಗೊಳ್ಳುವುದಾದರೆ ಸಾಕಿದಲ್ಲೇ ಹುಟ್ಟಿದ್ದನ್ನು, ಕಾಗದಪತ್ರದ ಸಮೇತ ತಗೊಳ್ಳಿ.

ಇನ್ನೊಂದು, ಮೇಣದ ಹುಳು ಊಟ ಅಲ್ಲ, ಸಿಹಿತಿಂಡಿ. ಅದರ ಮೈಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬು. ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ. ಬೆಳೆದ ಪ್ರಾಣಿಗೆ ಸೊಪ್ಪುಸದೆಯೇ ಮುಖ್ಯ ಆಹಾರ, ಜೊತೆಗೆ ಚಿಮ್ಮಂಡೆ. ಮೇಣದ ಹುಳು ವಾರಕ್ಕೆ ಒಂದೋ ಎರಡೋ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಟ್ಟರೆ ಸಾಕು. ರುಚಿ ಹತ್ತಿದರೆ ಬೇರೆ ಏನನ್ನೂ ಮೂಸುವುದಿಲ್ಲ. ಕಾಯಿಲೆಯಿಂದ ಸೊರಗಿದ್ದಕ್ಕೆ, ಮೊಟ್ಟೆ ಇಟ್ಟು ಸುಸ್ತಾದದ್ದಕ್ಕೆ ಸ್ವಲ್ಪ ಜಾಸ್ತಿ ಕೊಡಬಹುದು.

ಈಗ ಡಬ್ಬಿ. ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಇಲ್ಲೇ. ಈ ಹುಳು ಮೇಣ ಮಾತ್ರವಲ್ಲ, ಮರ, ಬಟ್ಟೆ, ತೆಳು ಪ್ಲಾಸ್ಟಿಕ್ಕನ್ನೂ ಕೊರೆಯುತ್ತದೆ. ಹಾಗಾಗಿ ಅಗಲ ಬಾಯಿಯ ಗಾಜಿನ ಜಾಡಿ ಅಥವಾ ಸ್ಟೀಲ್ ಡಬ್ಬಿಯೇ ಬೇಕು. ತಗಡಿನ ಮುಚ್ಚಳಕ್ಕೆ ರೂಪಾಯಿ ಅಗಲದ ತೂತು ಮಾಡಿ ಸ್ಟೀಲ್ ಜಾಲರಿ ಅಂಟಿಸಿ. ಅದರ ಕಣ್ಣು ಚಹಾ ಸೋಸುವ ಜಾಲರಿಯಷ್ಟು ಸಣ್ಣದಿರಲಿ, ಎರಡು ಪದರ ಇದ್ದರೆ ಇನ್ನೂ ಒಳ್ಳೆಯದು. ಆಗಷ್ಟೇ ಒಡೆದ ಮರಿ ದಾರದ ಚೂರಿಗಿಂತ ಸಣ್ಣದು, ಓಟವೂ ಜೋರು. ಸೊಳ್ಳೆಪರದೆ ಬಟ್ಟೆ ಕಟ್ಟಿ ಕೂತರೆ ಆಯ್ತು, ಮಾರನೆಯ ತಿಂಗಳು ಮನೆತುಂಬ ಪತಂಗ! ಜಾಡಿಯನ್ನು ಸೋಪಿನ ನೀರು ಹಾಕಿದ ತಟ್ಟೆಯಲ್ಲಿ ನಿಲ್ಲಿಸಿ. ತಪ್ಪಿಸಿಕೊಂಡ ಮರಿ ಅದರಲ್ಲೇ ಬೀಳುತ್ತದೆ, ಇರುವೆಯೂ ಹತ್ತುವುದಿಲ್ಲ. ಮಲೆನಾಡಿನಲ್ಲಿ ಇರುವೆಗೆ ಹೆದರದೆ ಯಾವ ಹುಳುವನ್ನೂ ಸಾಕಲಾಗುವುದಿಲ್ಲ, ಅಲ್ವಾ?

ಆಹಾರಕ್ಕೆ ಹಳೆಯ ಎರಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ತುಪ್ಪ ತೆಗೆದ ಬಿಳಿ ಎರಿ ಬೇಡ. ಜೇನಿನ ಮರಿ ಬೆಳೆದು ಕಪ್ಪಾದ ಎರಿ ಬೇಕು. ಪರಾಗ, ಮರಿಗಳು ಬಿಟ್ಟುಹೋದ ಪೊರೆ ಎಲ್ಲ ಅದರಲ್ಲಿರುತ್ತದೆ. ಬರೀ ಮೇಣ ತಿಂದು ಈ ಹುಳು ಬೆಳೆಯುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನನ್ನು ಗುಡಿಸಿ ಹಾಕಿತು. ಆಗ ಖಾಲಿಯಾದ ಪೆಟ್ಟಿಗೆಗಳು ನಮ್ಮ ಕಡೆ ಎಷ್ಟೋ ಅಟ್ಟಗಳ ಮೇಲೆ ಇನ್ನೂ ಇವೆ. ಅಲ್ಲಿ ಎರಿ ಸಿಕ್ಕರೆ ಗಂಧಕದ ಹೊಗೆ ಅಥವಾ ನುಸಿಗುಳಿಗೆ ತೋರಿಸಿದ್ದಾರಾ ಕೇಳಿ. ತೋರಿಸಿದ್ದರೆ ಮುಟ್ಟಬೇಡಿ.

ಎರಿ ಸಿಗದವರಿಗೆ ಬೂಸಾ ಇದೆ. ಸಾದಾ ಗೋಧಿ ಬೂಸಾ ಮಾತ್ರ, ಉಪ್ಪು-ಖನಿಜ ಸೇರಿಸಿದ ಹಿಂಡಿ ಅಲ್ಲ. ಮೊದಲು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ, ಒಳಗಿನ ನುಸಿ ಸಾಯಲಿ. ನಾಲ್ಕು ಲೋಟ ಬೂಸಾಕ್ಕೆ ಒಂದು ಲೋಟ ಜೇನುತುಪ್ಪ, ಒಂದು ಲೋಟ ಗ್ಲಿಸರಿನ್. ಗ್ಲಿಸರಿನ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದು ಮಿಶ್ರಣ ಒಣಗದಂತೆ ನೋಡಿಕೊಳ್ಳುತ್ತದೆ. ಮೇಣದ ಚೂರಿದ್ದರೆ ತುರಿದು ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ಒತ್ತಿದರೆ ಉದುರಬೇಕು. ನೀರು ಒಂದು ಹನಿಯೂ ಬೇಡ. ಜೋನಿಬೆಲ್ಲ ಹಾಕಬಹುದಾ ಅಂತ ನಮ್ಮೂರಲ್ಲಿ ಕೇಳುತ್ತಾರೆ. ನಾನು ಹಾಕುವುದಿಲ್ಲ. ನಮ್ಮ ಮಳೆಗಾಲದಲ್ಲಿ ಬೇಗ ಹುಳಿ ಬರುತ್ತದೆ.

ಬಿತ್ತನೆಗೆ ಹತ್ತಿಪ್ಪತ್ತು ದಪ್ಪ ಹುಳು ಸಾಕು. ಕೆಟ್ಟ ಎರಿಯಲ್ಲಿ ಎರಡು ಜಾತಿ ಸಿಗುತ್ತವೆ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಆರಿಸಿ. ಜಾಡಿಯ ಮೂರನೇ ಒಂದು ಭಾಗ ಆಹಾರ ತುಂಬಿ ಹುಳು ಬಿಡಿ, ಬಟರ್ ಪೇಪರನ್ನು ಬೀಸಣಿಗೆಯ ಹಾಗೆ ಮಡಚಿ ಮೇಲಿಡಿ. ಹುಳುಗಳು ಬಿಳಿ ಗೂಡು ಕಟ್ಟಿ, ಒಂದೆರಡು ವಾರದಲ್ಲಿ ಪತಂಗವಾಗಿ ಬರುತ್ತವೆ. ಅವುಗಳಿಗೆ ಊಟ ನೀರು ಏನೂ ಬೇಡ. ತಿನ್ನುವ ಬಾಯೇ ಇಲ್ಲ. ಹೆಣ್ಣು ದೊಡ್ಡದು, ಮೂತಿ ಕೊಕ್ಕಿನಂತೆ ಮುಂದೆ ಚಾಚಿರುತ್ತದೆ. ಅದು ಕಾಗದದ ಮಡಿಕೆಯೊಳಗೆ ನೂರಾರು ಮೊಟ್ಟೆ ಇಡುತ್ತದೆ. ಆ ಕಾಗದವನ್ನು ಹೊಸ ಜಾಡಿಗೆ ದಾಟಿಸಿದರೆ ಮುಂದಿನ ಬೆಳೆ ಶುರು.

ಶಾಖ 28ರಿಂದ 30 ಡಿಗ್ರಿ ಇದ್ದರೆ ಮೊಟ್ಟೆ ವಾರದೊಳಗೆ ಒಡೆಯುತ್ತದೆ, ಹುಳು ಐದಾರು ವಾರದಲ್ಲಿ ಕೈಗೆ ಬರುತ್ತದೆ. ಕಾರವಾರ, ಕುಮಟಾ ಕಡೆಯವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಘಟ್ಟದ ಮೇಲಿನ ನಮಗೆ ಡಿಸೆಂಬರ್, ಜನವರಿ ರಾತ್ರಿ ಚಳಿ. ಆಗ ನನ್ನ ಜಾಡಿಗಳು ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿರುತ್ತವೆ. ಹೊಗೆ ತಾಗದಷ್ಟು ದೂರ, ಬಿಸಿ ತಾಗುವಷ್ಟು ಹತ್ತಿರ. ಒಂದು ವಿಷಯ ಗಮನಿಸಿ. ಹುಳು ದಪ್ಪಗಾಗುತ್ತ ಬಂದಂತೆ ಗುಂಪಿನ ಬಿಸಿ ತಾನೇ ಏರುತ್ತದೆ. ಜಾಡಿ ಮುಟ್ಟಿದರೆ ಬೆಚ್ಚಗಾಗುವುದು ಗೊತ್ತಾಗುತ್ತದೆ. ಮುಚ್ಚಳದ ಒಳಗೆ ಬೆವರು ಕಂಡರೆ ತಡ ಮಾಡಬೇಡಿ, ಹುಳುಗಳನ್ನು ಎರಡು ಜಾಡಿಗೆ ಹಂಚಿ. ಇಲ್ಲದಿದ್ದರೆ ಬೂಸ್ಟು ಹಿಡಿದು ಎಲ್ಲವೂ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಚಿಕ್ಕ ಜಾಡಿಗಳಲ್ಲೇ ಸಾಕುತ್ತೇನೆ, ಒಂದು ಹಾಳಾದರೂ ಉಳಿದವು ಇರಲಿ ಅಂತ.

ಎರಡು ಸೆಂಟಿಮೀಟರ್ ದಾಟಿದ ಹುಳುವನ್ನು ಗೂಡು ಕಟ್ಟುವ ಮೊದಲೇ ತೆಗೆಯಬೇಕು. ಒಣ ಬೂಸಾದಲ್ಲಿ ಹಾಕಿ ಫ್ರಿಜ್ಜಿನ ಬಾಗಿಲ ಬದಿ ಇಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ. ಒಳಗಿನ ಹಿಂಬದಿ ಬೇಡ, ಅಷ್ಟು ಥಂಡಿಗೆ ಸಾಯುತ್ತವೆ. 13ರಿಂದ 15 ಡಿಗ್ರಿ ಸಿಗುವ ಜಾಗ ಇದ್ದರೆ ಅದೇ ಸರಿ. ಕೊಡುವ ಮುಂಚೆ ಸ್ವಲ್ಪ ಹೊತ್ತು ಹೊರಗಿಡಿ, ಹುಳು ಆಡಿದರೆ ಮಾತ್ರ ಪ್ರಾಣಿ ಬಾಯಿ ಹಾಕುತ್ತದೆ. ಮಿಕ್ಕ ಪತಂಗವನ್ನೂ ಕೊಡಬಹುದು. ಅದನ್ನು ಬೆನ್ನಟ್ಟುವಾಗ ನಮ್ಮ ಸೋಮಾರಿಯ ಚುರುಕು ನೋಡಬೇಕು.

ಜಾಡಿ ತೆರೆಯುವುದು ಹಗಲಲ್ಲೇ, ಕಿಟಕಿ ಮುಚ್ಚಿದ ಕೋಣೆಯಲ್ಲೇ ಆಗಬೇಕು. ಪತಂಗದ ಓಡಾಟ ರಾತ್ರಿ. ತೆರೆಯುವ ಮೊದಲು ಜಾಡಿಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಮಂಕಾಗಿ ಕೂರುತ್ತವೆ. ಜಾಡಿಯಲ್ಲಿ ಉಳಿದ ಕಸ, ಬಲೆ, ಹಿಕ್ಕೆಯನ್ನು ಸುಮ್ನೆ ಗೊಬ್ಬರಗುಂಡಿಗೆ ಸುರಿಯಬೇಡಿ, ಅದರಲ್ಲಿ ಕಣ್ಣಿಗೆ ಕಾಣದ ಮೊಟ್ಟೆ ಇರುತ್ತವೆ. ಕವರಿನಲ್ಲಿ ಕಟ್ಟಿ ಒಂದು ರಾತ್ರಿ ಪೂರ್ತಿ ಫ್ರೀಜರಿನಲ್ಲಿಡಿ. ಆ ಥಂಡಿಗೆ ಮೊಟ್ಟೆ, ಹುಳು, ಕೋಶ ಯಾವುದೂ ಉಳಿಯುವುದಿಲ್ಲ. ಆಮೇಲೆ ಗುಂಡಿಗೆ ಹಾಕಿ, ಅಡಿಕೆ ಮರದ ಬುಡಕ್ಕೂ ಆಗುತ್ತದೆ. ಫ್ರೀಜರಿನಲ್ಲಿ ಏನಿದೆ ಅಂತ ಕವರಿನ ಮೇಲೆ ಬರೆದಿಡಿ, ನಮ್ಮ ಮನೆಯಲ್ಲಿ ಇದು ಅತ್ತೆಯ ಷರತ್ತು.