ಬಾಲ್ ಟೋಕನ್ ಬಾಗಿಲ ಹಿಂದಿನ ಪೆನ್ಸಿಲ್ ಬರಹ

ಹಳೇ ಸ್ಟೇಷನ್ ಮಾಸ್ಟರ್ ರೂಮಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದ ಕೆಂಪು ಕಬ್ಬಿಣದ ಪೆಟ್ಟಿಗೆ ನೆನಪಿದೆಯಾ? ಹಿಡಿ ತಿರುಗಿಸಿದರೆ ಒಳಗಿಂದ ಒಂದು ಉಕ್ಕಿನ ಗುಂಡು ಉರುಳಿ ಕೈಗೆ ಬರುತ್ತಿತ್ತು. ಅದೇ ನೀಲ್ಸ್ ಬಾಲ್ ಟೋಕನ್ ಯಂತ್ರ. ನಾವು ಸಿಗ್ನಲ್ ವಿಭಾಗದವರು ಸುಮ್ನೆ 'ಬಾಲ್ ಟೋಕನ್' ಅಂತಿದ್ದೆವು. ಕೆಲಸದಲ್ಲಿದ್ದಾಗ ಇಂಥವನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯಾದ ಮೇಲೆ ಬೆಂಗಳೂರಿನ ಒಂದು ಕಾಲೇಜಿನ ಪುಟ್ಟ ಮ್ಯೂಸಿಯಂಗೆ ಒಂದನ್ನು ಸಿದ್ಧ ಮಾಡಿಕೊಟ್ಟೆ. ಕೆಲಸಕ್ಕೆ ಎಂಟು ತಿಂಗಳು ಹಿಡಿಯಿತು.

ಬೆಂಗಳೂರು–ಮೈಸೂರು ಮೀಟರ್ ಗೇಜ್ ದಾರಿ 1882ರಲ್ಲಿ ಪೂರ್ತಿಯಾಯಿತು. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಒಂದೇ ಹಳಿ ಇರುವ ಕಡೆ ಎರಡು ರೈಲು ಎದುರುಬದುರು ಬರಬಾರದು, ಅಲ್ವಾ? ಅದಕ್ಕೇ ಈ ಗುಂಡು. ಅಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ವಿದ್ಯುತ್ ತಂತಿ. ಆ ಕಡೆಯವರು ಒಪ್ಪಿ ಕರೆಂಟ್ ಬಿಟ್ಟರೆ ಮಾತ್ರ ಈ ಕಡೆ ಗುಂಡು ಹೊರಬರುತ್ತದೆ. ಒಂದು ಹೊರಗೆ ಬಂದ ಮೇಲೆ ಎರಡೂ ಯಂತ್ರ ಬೀಗ ಬಿದ್ದ ಹಾಗೆ. ಅದನ್ನು ಯಾವುದಾದರೂ ಒಂದು ಯಂತ್ರದೊಳಗೆ ವಾಪಸ್ ಹಾಕುವ ತನಕ ಇನ್ನೊಂದು ಬರುವುದಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ ಹಿಡಿದು ನಿಂತರೆ, ಓಡುವ ಎಂಜಿನ್‌ನಿಂದ ಡ್ರೈವರ್ ಕೈ ಚಾಚಿ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಗುಂಡು ಕೈಯಲ್ಲಿದ್ದರೆ ಮುಂದಿನ ಹಳಿ ಅವನದು.

ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲೇ ಶುರುವಾಯಿತು. ದೊಡ್ಡ ಎಂಜಿನ್‌ಗಳಿಗೆ ಅಲ್ಲಿ ನೆಲೆ ಸಿಕ್ಕಿತು. ಆದರೆ ಸ್ಟೇಷನ್ ಒಳಗಿನ ಸಣ್ಣ ಸಾಮಾನುಗಳು ಗುಜರಿ ಲಾರಿ ಹತ್ತಿದ್ದನ್ನು ನಾನೇ ನೋಡಿದ್ದೇನೆ. ಆ ಸಂಕಟ ಇನ್ನೂ ಹೋಗಿಲ್ಲ.

ಈ ಕೆಲಸಕ್ಕೆ ಕೈ ಹಾಕುವ ಮೊದಲು ನಾನೊಂದು ತಪ್ಪು ಮಾಡಿದ್ದೆ. ಅದನ್ನು ಹೇಳಲೇಬೇಕು. ವರ್ಷಗಳ ಹಿಂದೆ ಗೆಳೆಯರೊಬ್ಬರು ಹಳೇ ಸಿಗ್ನಲ್ ಗಂಟೆಯ ಹಿತ್ತಾಳೆ ಫಲಕ ಕೊಟ್ಟು ಹೊಳೆಯುವ ಹಾಗೆ ಮಾಡು ಅಂದಿದ್ದರು. ಬಫಿಂಗ್ ಚಕ್ರಕ್ಕೆ, ಅಂದರೆ ಲೋಹ ಉಜ್ಜಿ ಹೊಳಪು ಕೊಡುವ ತಿರುಗುಚಕ್ರಕ್ಕೆ, ಹಿಡಿದೆ. ಕನ್ನಡಿಯಂತೆ ಹೊಳೆಯಿತು. ಆದರೆ ಕೊರೆದಿದ್ದ ನಂಬರು ಅರ್ಧ ಅಳಿಸಿ ಹೋಯಿತು. ಆ ಗಂಟೆ ಯಾವ ಸ್ಟೇಷನ್ನಿನದು ಅಂತ ತಿಳಿಯಲು ಇದ್ದ ಒಂದೇ ಗುರುತು ಅದು. ಅಂದಿನಿಂದ ನನ್ನ ಮೇಜಿನ ಮೇಲೆ ಬಫಿಂಗ್ ಚಕ್ರ ಇಲ್ಲ.

ಹಾಗಾಗಿ ಈ ಸಲ ಮೊದಲ ತಿಂಗಳು ಬರೀ ನೋಡಿದೆ. ಫೋಟೋ ತೆಗೆದೆ, ಅಳತೆ ಬರೆದೆ. ಕೈಗೆ ನೈಟ್ರೈಲ್ ಗ್ಲೌಸ್, ಯಾಕಂದರೆ ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ. ಆಮೇಲೆ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಬೆರಳುಗುರಿನಷ್ಟು ಕಡೆ ಬಣ್ಣವನ್ನು ಪದರ ಪದರವಾಗಿ ಬಿಡಿಸಿದೆ. ಮೇಲೆ ಗಾಢ ಕೆಂಪು, ಕೆಳಗೆ ಇಟ್ಟಿಗೆ ಕೆಂಪು, ಅದರಡಿ ಇನ್ನೊಂದು ಕೆಂಪು, ಎಲ್ಲಕ್ಕಿಂತ ತಳದಲ್ಲಿ ಕಪ್ಪು. ಕಾಲೇಜಿನವರಿಗೆ ಹೊಸ ಬಣ್ಣ ಹೊಡೆಸುವ ಆಸೆ ಇತ್ತು. ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಹಿಡಿಯ ಬಲಗಡೆ ಬಣ್ಣವೇ ಇಲ್ಲ, ಕಬ್ಬಿಣ ನಯವಾಗಿ ಕಪ್ಪಗೆ ಮಿನುಗುತ್ತದೆ. ಎಷ್ಟೋ ಸ್ಟೇಷನ್ ಮಾಸ್ಟರ್‌ಗಳ ಅಂಗೈ ಸವೆಸಿದ್ದು ಅದು. ಹೊಸ ಬಣ್ಣದ ಕೆಳಗೆ ಅದನ್ನು ಹೂತುಬಿಡೋಕೆ ನನಗೆ ಮನಸ್ಸು ಬರಲಿಲ್ಲ.

ಒಳಗೆ ಗ್ರೀಸ್ ಗಟ್ಟಿಯಾಗಿ ಅಂಟಿಕೊಂಡಿತ್ತು. ಡ್ಯೂಟಿಯಲ್ಲಿ ಸೀಮೆಎಣ್ಣೆ ಸುರಿದು ಉಜ್ಜುತ್ತಿದ್ದೆವು. ಇಲ್ಲಿ ಹತ್ತಿ ಸುತ್ತಿದ ಕಡ್ಡಿ, ಸ್ವಲ್ಪ ವೈಟ್ ಸ್ಪಿರಿಟ್ (ಪೇಂಟ್ ತೆಳು ಮಾಡುವ ದ್ರವ), ದಿನಕ್ಕೆ ಒಂದು ಅಂಗೈಯಷ್ಟು ಜಾಗ. ಹಿಂಬಾಗಿಲ ಒಳಮೈ ಒರೆಸುವಾಗ ಏನೋ ಗೆರೆ ಕಂಡಿತು. ಕನ್ನಡಕ ಹಾಕಿ ನೋಡಿದೆ. ಪೆನ್ಸಿಲ್ ಬರಹ! ಒಂದರ ಕೆಳಗೊಂದು ತಾರೀಕು, ಪಕ್ಕದಲ್ಲಿ ಬ್ಯಾಟರಿ ಸೆಲ್‌ಗಳ ವೋಲ್ಟ್. ಒಂದು ಕಡೆ 'ಕಾಂಟ್ಯಾಕ್ಟ್ ಸ್ವಚ್ಛ' ಅಂತ ದುಂಡು ಅಕ್ಷರದ ಕನ್ನಡ; ಕಾಂಟ್ಯಾಕ್ಟ್ ಅಂದರೆ ಕರೆಂಟ್ ಹಾಯಲು ಒಂದಕ್ಕೊಂದು ತಾಗುವ ಲೋಹದ ತುದಿ. ನಾನೂ ಎಷ್ಟೋ ಬಾಗಿಲ ಹಿಂದೆ ಹೀಗೇ ಬರೆದವನು. ಕಡ್ಡಿ ಕೆಳಗಿಟ್ಟು ಸುಮಾರು ಹೊತ್ತು ಕೂತಿದ್ದೆ. ವೈಟ್ ಸ್ಪಿರಿಟ್‌ಗೆ ಪೆನ್ಸಿಲ್ ಕರಗುವುದಿಲ್ಲ, ಆದರೆ ಉಜ್ಜಿದರೆ ಹರಡಿಹೋಗುತ್ತದೆ. ಆ ಜಾಗ ಬಿಟ್ಟುಬಿಟ್ಟೆ. ಅಲ್ಲಿ ಗ್ರೀಸ್ ಕಲೆ ಈಗಲೂ ಇದೆ.

ದಾಖಲೆ ನಂಬರನ್ನು ಕಬ್ಬಿಣದ ಮೇಲೆ ನೇರ ಬರೆಯಲಿಲ್ಲ. ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ರಾಳದ ತೆಳು ಲೇಪ, ಅದರ ಮೇಲೆ ನಂಬರು, ಮತ್ತೆ ಮೇಲೊಂದು ಲೇಪ. ನಾಳೆ ಬೇಡವೆಂದರೆ ಅಸಿಟೋನ್‌ನಲ್ಲಿ ಒರೆಸಿದರೆ ಹೋಗುತ್ತದೆ. ಬರಿ ಲೋಹಕ್ಕೆ ತುಕ್ಕು ತಡೆಯಲು ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿದೆ. ಮಳೆಗಾಲಕ್ಕೆ ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇವೆ.

ಯಂತ್ರವನ್ನು ಓಡಿಸಿ ತೋರಿಸಿ ಅಂತ ಎಲ್ಲರೂ ಕೇಳಿದರು. ಜೋಡಿ ಯಂತ್ರ ಕಳೆದುಹೋಗಿದೆ, ಇದೊಂದೇ ಉಳಿದಿರುವುದು. ಒಳಗಿನ ಹಳೇ ಕಾಯಿಲ್‌ಗೆ (ತಂತಿ ಸುರುಳಿಗೆ) ಕರೆಂಟ್ ಕೊಟ್ಟು ಸುಟ್ಟುಹೋದರೆ ಮತ್ತೆ ಬರುವುದಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳು ಬಟನ್ ಒತ್ತೋಕೆ ಮುಗಿಬೀಳುವುದನ್ನು ನೋಡಿದ್ದೆ. ಅದೇ ನೆನಪಲ್ಲಿ ಎರಡು ಮರದ ಪೆಟ್ಟಿಗೆ, ಎರಡು ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್), ಎರಡು ಬಲ್ಬ್ ಇಟ್ಟು ಬೇರೆ ಮಾದರಿ ಮಾಡಿದೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಅದೇ ತೂಕದ ಉಕ್ಕಿನ ಗುಂಡು ಲೇತ್ ಮೇಲೆ ತಿರುವಿಸಿಕೊಂಡು ಬಂದೆ. ಇಬ್ಬರು ಮಕ್ಕಳು ಎದುರುಬದುರು ನಿಂತು ಆಡುತ್ತಾರೆ. ಒಬ್ಬರ ಕೈಯಲ್ಲಿ ಗುಂಡಿದ್ದಾಗ ಇನ್ನೊಬ್ಬರು ಎಷ್ಟು ಎಳೆದಾಡಿದರೂ ಹಿಡಿ ಕದಲುವುದಿಲ್ಲ. "ಅಂಕಲ್, ಇದು ಕೆಟ್ಟಿದೆ" ಅಂತ ಓಡಿ ಬರುತ್ತಾರೆ. ಆಗ ರೈಲಿನ ಕಥೆ ಶುರು ಮಾಡುತ್ತೇನೆ.

ಈಗ ಉಳಿದಿರುವುದು ಚರ್ಮದ ಚೀಲ. ಒಣಗಿ ಅಂಚೆಲ್ಲ ಬಿರುಕು ಬಿಟ್ಟಿದೆ. ಎಣ್ಣೆ ಹಚ್ಚಿ ಅಂತ ಸುಮಾರು ಜನ ಹೇಳಿದರು. ಹಚ್ಚುವುದಿಲ್ಲ. ಎಣ್ಣೆ ಧೂಳು ಹಿಡಿಯುತ್ತದೆ, ಕಾಲಕ್ರಮೇಣ ಗಟ್ಟಿಯೂ ಆಗುತ್ತದೆ. ಒಳಗೆ ಆಮ್ಲವಿಲ್ಲದ ಕಾಗದ ಮೆತ್ತಗೆ ತುಂಬಿ, ಗುಂಡು ಇದ್ದಾಗ ಹೇಗೆ ಉಬ್ಬಿರುತ್ತಿತ್ತೋ ಹಾಗೇ ನಿಲ್ಲಿಸಬೇಕು. ಸೋಮವಾರ ಅದೇ ಕೆಲಸ.