ಟೀಮಿನ ಬಿಟ್ಟಿ ಕೆಲಸ ಯಾರ ತಲೆಗೆ ಬೀಳುತ್ತಿದೆ? ಲೆಕ್ಕ ಹಾಕುವುದು ಹೀಗೆ

ಮೀಟಿಂಗಿನ ಮಿನಿಟ್ಸ್ ಬರೆಯುವುದು, ಹೊಸಬರಿಗೆ ಕೆಲಸ ಹೇಳಿಕೊಡುವುದು, ಬೀಳ್ಕೊಡುಗೆಗೆ ದುಡ್ಡು ಕೂಡಿಸುವುದು, ಯಾರಿಗೂ ಬೇಡವಾದ ಸಮಿತಿಯಲ್ಲಿ ಕೂರುವುದು. ಇವನ್ನು ಯಾರಾದರೂ ಮಾಡಲೇಬೇಕು. ಬಡ್ತಿಯ ಹೊತ್ತಿಗೆ ಮಾತ್ರ ಇವು ಲೆಕ್ಕಕ್ಕೇ ಬರುವುದಿಲ್ಲ.

ಇವು ಹೆಂಗಸರ ತಲೆಗೇ ಬಿದ್ದಾಗ ಕೇಳಿಬರುವ ‘ಹೆಂಗಸರಿಗೆ ಇಂಥ ಕೆಲಸ ಇಷ್ಟ’ ಎನ್ನುವ ಮಾತನ್ನು ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒರೆಗೆ ಹಚ್ಚಿದರು. ಮೂವರ ಗುಂಪು, ಎರಡು ನಿಮಿಷ, ಪರದೆಯ ಮೇಲೊಂದು ಗುಂಡಿ. ಯಾರೂ ಒತ್ತದಿದ್ದರೆ ತಲಾ 1 ಡಾಲರ್. ಒಬ್ಬರು ಒತ್ತಿದರೆ ಅವರಿಗೆ 1.25, ಸುಮ್ಮನೆ ಕೂತ ಇಬ್ಬರಿಗೂ ತಲಾ 2. ಗಂಡಸರು ಹೆಂಗಸರು ಬೆರೆತ ಗುಂಪುಗಳಲ್ಲಿ ಹೆಚ್ಚು ಸಲ ಒತ್ತಿದವರು ಹೆಂಗಸರು. ಬರೀ ಗಂಡಸರೇ ಇದ್ದಾಗ? ಬರೀ ಹೆಂಗಸರಿದ್ದ ಗುಂಪಿನಷ್ಟೇ ಅವರೂ ಒತ್ತಿದರು. ಇದು ಸ್ವಭಾವದ ಮಾತಲ್ಲ, ‘ಅವಳು ಮಾಡ್ತಾಳೆ ಬಿಡು’ ಎಂಬ ನಿರೀಕ್ಷೆಯದು. ಇನ್ನೊಂದು ಪ್ರಯೋಗದಲ್ಲಿ ನಾಲ್ಕನೆಯವರು ಆ ಮೂವರಲ್ಲಿ ಒಬ್ಬರನ್ನು ಆರಿಸಿ ಗುಂಡಿ ಒತ್ತುವಂತೆ ಕೇಳಬೇಕಿತ್ತು. ಹೆಂಗಸರನ್ನು ಕೇಳಿದ್ದು ಶೇ 44ರಷ್ಟು ಹೆಚ್ಚು. ಕೇಳಿದಾಗ ಹೆಂಗಸರು ಶೇ 76, ಗಂಡಸರು ಶೇ 51 ಸಲ ಒಪ್ಪಿದರು.

ನಿಮ್ಮಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಮೊದಲು ಕೆಲಸಗಳ ಪಟ್ಟಿ ಮಾಡಿ, ಆಮೇಲೆ ಎಣಿಸಿ. ತಿರುವುಮುರುವು ಮಾಡಿದರೆ ಹೆಸರು ನೋಡಿ ಪಟ್ಟಿ ತಿದ್ದುವ ಆಸೆ ಹುಟ್ಟುತ್ತದೆ. ಯಾವುದು ಪಟ್ಟಿಗೆ ಸೇರಬೇಕು ಎಂದು ತಕರಾರು ಬಂದರೆ ಒಂದೇ ಪ್ರಶ್ನೆ ಕೇಳಿ: ಈ ಕೆಲಸಕ್ಕೆ ವಾರ್ಷಿಕ ಮೌಲ್ಯಮಾಪನದ ಫಾರ್ಮಿನಲ್ಲಿ ಜಾಗ ಇದೆಯೇ? ಇಲ್ಲವಾದರೆ ಸೇರಿಸಿ.

ಸ್ಪ್ರೆಡ್‌ಶೀಟಿನಲ್ಲಿ ಐದು ಕಾಲಂ ಸಾಕು: ದಿನಾಂಕ, ಕೆಲಸ, ಮಾಡಿದವರು, ಹಿಡಿದ ನಿಮಿಷ, ಕೆಲಸ ಬಂದ ದಾರಿ. ಕೊನೆಯದರಲ್ಲಿ ನಾಲ್ಕೇ ಉತ್ತರ: ತಾವಾಗಿ ಒಪ್ಪಿದ್ದು, ಕೇಳಿದ್ದಕ್ಕೆ ಒಪ್ಪಿದ್ದು, ಹೇರಿದ್ದು, ಸರದಿಯಿಂದ ಬಂದದ್ದು. ಈ ಕಾಲಂ ಬಿಡಬೇಡಿ. ಪರಿಹಾರ ಎಲ್ಲಿ ಬೇಕೆಂದು ತೋರಿಸುವುದು ಇದೇ. ಐದು ವಾರ ಬರೆದು, ಮೊದಲ ವಾರದ್ದನ್ನು ಕೈಬಿಡಿ. ಎಣಿಸುತ್ತಿದ್ದಾರೆಂದು ಗೊತ್ತಾದಾಗ ಎಲ್ಲರೂ ಕೆಲವು ದಿನ ಚುರುಕಾಗುತ್ತಾರೆ. ಅಂದಂದಿನದನ್ನು ಅಂದೇ ಬರೆಯಬೇಕು. ತಿಂಗಳ ಕೊನೆಗೆ ನೆನಪಿನಿಂದ ಬರೆಸಿದರೆ ಪ್ರತಿಯೊಬ್ಬರೂ ತಮ್ಮ ಪಾಲನ್ನು ಹಿಗ್ಗಿಸುತ್ತಾರೆ, ಎಲ್ಲರ ಪಾಲು ಕೂಡಿಸಿದರೆ ಶೇ 100 ದಾಟುತ್ತದೆ.

ಈಗ ಲೆಕ್ಕ. ಎಂಟು ಜನರ ಟೀಮು, ಮೂವರು ಹೆಂಗಸರು, ಒಟ್ಟು 1,600 ನಿಮಿಷ ಎನ್ನಿ. ಹೆಂಗಸರದು 960 ಆದರೆ ತಲಾ 320. ಉಳಿದ 640 ಐದು ಗಂಡಸರಿಗೆ ಹಂಚಿದರೆ ತಲಾ 128. ಎರಡೂವರೆ ಪಟ್ಟು! ಆದರೆ ಇಲ್ಲೇ ತೀರ್ಪು ಕೊಡಬೇಡಿ. ಆ ಮೂವರೂ ಕಿರಿಯ ಹುದ್ದೆಯವರಾಗಿದ್ದರೆ ಕಾರಣ ಹುದ್ದೆಯೂ ಇರಬಹುದು. ಒಂದೇ ಹುದ್ದೆಯವರನ್ನು ಪರಸ್ಪರ ಹೋಲಿಸಿ. 960ರಲ್ಲಿ 700 ಒಬ್ಬರದೇ ಆಗಿದ್ದರೆ ಸರಾಸರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಟೀಮಿನಲ್ಲಿ ಒಬ್ಬಳೇ ಹೆಂಗಸಿದ್ದರೆ ಹೆಸರು ಮುಚ್ಚಿಟ್ಟರೂ ಗುಟ್ಟು ಉಳಿಯದು, ಹಾಗಾಗಿ ಎರಡು ಮೂರು ಟೀಮುಗಳ ಅಂಕಿ ಸೇರಿಸಿಯೇ ವರದಿ ಮಾಡಿ.

ಪರಿಹಾರವೆಂದು ಹೆಂಗಸರಿಗೆ ‘ಆಗಲ್ಲ ಎನ್ನಲು ಕಲಿಯಿರಿ’ ಎಂಬ ತರಬೇತಿ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಸಂಶೋಧಕರಾದ ಮ್ಯಾಡೆಲಿನ್ ಹೈಲ್‌ಮನ್ ಮತ್ತು ಜೂಲಿ ಚೆನ್ 2005ರಲ್ಲೇ ತೋರಿಸಿದ್ದಾರೆ: ನೆರವಾದ ಗಂಡಸಿಗೆ ಮೆಚ್ಚುಗೆ ಏರುತ್ತದೆ, ಹೆಂಗಸಿಗೆ ಏರುವುದಿಲ್ಲ, ನಿರಾಕರಿಸಿದ ಹೆಂಗಸಿನ ಅಂಕ ಇಳಿಯುತ್ತದೆ, ಗಂಡಸಿನದು ಇಳಿಯುವುದಿಲ್ಲ. ಅವಳಿಗೆ ಎರಡೂ ಕಡೆ ನಷ್ಟ.

ತಿದ್ದಬೇಕಾದದ್ದು ಕೆಲಸ ಹಂಚುವ ರೀತಿಯನ್ನು. ಮೀಟಿಂಗಿನಲ್ಲಿ ‘ಯಾರು ಮಾಡ್ತೀರಿ?’ ಎಂದು ಕೇಳುವುದನ್ನು ಮ್ಯಾನೇಜರ್ ಇವತ್ತಿನಿಂದಲೇ ನಿಲ್ಲಿಸಲಿ. ಆ ಪ್ರಶ್ನೆಯ ನಂತರದ ಮೌನದಲ್ಲೇ ಎಲ್ಲರ ಕಣ್ಣು ಒಬ್ಬರ ಮೇಲೆ ಹೋಗುವುದು. ಬದಲಿಗೆ ಎಲ್ಲರ ಹೆಸರನ್ನೂ, ಮ್ಯಾನೇಜರ್‌ದೂ ಸೇರಿಸಿ, ಸರದಿ ಪಟ್ಟಿ ಹಾಕಿ. ಸರದಿ ಕೆಡುವುದು ಎರಡು ಕಡೆ. ರಜೆಯಲ್ಲಿದ್ದವರ ಸರದಿ ಹಾರಿಹೋಗುತ್ತದೆ; ಮರಳಿದ ವಾರವೇ ಅವರಿಗೆ ಕೊಡಿ. ಇನ್ನೊಂದು, ಬೇಕಾಬಿಟ್ಟಿ ಮಿನಿಟ್ಸ್ ಬರೆದವರಿಂದ ಆ ಕೆಲಸ ಕಿತ್ತು ‘ಚೆನ್ನಾಗಿ ಬರೆಯುವ’ವಳಿಗೆ ಕೊಡುವುದು. ಹಾಗೆ ಮಾಡದೆ, ಅವರಿಂದಲೇ ತಿದ್ದಿಸಿ ಮುಂದಿನ ಸರದಿಯನ್ನೂ ಅವರಿಗೇ ಕೊಡಿ. ಮೂರು ತಿಂಗಳ ನಂತರ ಅದೇ ಐದು ಕಾಲಂ ಮತ್ತೆ ತುಂಬಿಸಿ, ‘ಕೇಳಿದ್ದಕ್ಕೆ ಒಪ್ಪಿದ್ದು’ ಎಷ್ಟು ಇಳಿದಿದೆ ಎಂಬುದನ್ನು ಮೊದಲು ನೋಡಿ.